ಹಿರಿಯರನ್ನು ಶುಶ್ರೂಷಾಲಯಕ್ಕೆ ಸೇರಿಸುವ ಮುನ್ನ

ಮನೆಯ ಹಿರಿಯರನ್ನು ಹೊರಗಿನವರ ಕೈಗೆ ಒಪ್ಪಿಸುವ ಮಾತು ನಮ್ಮ ಸಮಾಜದಲ್ಲಿ ಇಂದಿಗೂ ಮೆಲುದನಿಯಲ್ಲೇ ನಡೆಯುತ್ತದೆ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮನೆತನಗಳ ಸ್ಥಿತಿ ನೋಡಿದರೆ ಇದನ್ನು ಬಾಯಿಬಿಟ್ಟು ಆಡಲೇಬೇಕಾಗಿದೆ. ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಊರಲ್ಲಿ ಉಳಿದವನು ಬೆಳಿಗ್ಗೆ ಅಂಗಡಿ ತೆರೆದರೆ ಮುಚ್ಚುವುದು ರಾತ್ರಿಗೆ. ಇಂಥ ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರೆ, ಇಲ್ಲವೆ ತಂದೆಗೆ ಲಕ್ವ ಹೊಡೆದರೆ, ಆಸ್ಪತ್ರೆಯವರು ಕೆಲವೇ ದಿನಗಳಲ್ಲಿ ಮನೆಗೆ ಕರೆದೊಯ್ಯಿರಿ ಎನ್ನುತ್ತಾರೆ. ಮೂತ್ರದ ನಳಿಗೆ, ಮೂಗಿನ ಕೊಳವೆ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಇವೆಲ್ಲ ಒಬ್ಬ ಸೊಸೆಯ ಕೈಯಲ್ಲಿ ಹಗಲು ರಾತ್ರಿ ಆಗುವ ಕೆಲಸವಲ್ಲ. ಆ ಸೊಸೆಗೂ ಅರವತ್ತಾಗಿರುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವನ್ನೂ ಎಣಿಸಿದೆ. ಹಣ ಕೊಟ್ಟು ಅನ್ಯರಿಂದ ಮಾಡಿಸಿದ ಸೇವೆ ವೈಯಾವೃತ್ಯವಾದೀತೇ ಎಂದು ಕೇಳುವ ಶ್ರಾವಕರುಂಟು. ಕೈ ಇನ್ನೊಬ್ಬರದಾದರೂ ಕಣ್ಣು ನಮ್ಮದೇ ಇದ್ದರೆ ದೋಷವಿಲ್ಲವೆಂದು ನನ್ನ ಭಾವನೆ. ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತವಾದ ಉದ್ದಾಯನ ರಾಜನು ರೋಗಿ ಮುನಿಯ ವಾಂತಿಗೂ ಹೇಸದೆ ಸೇವೆ ಮಾಡಿದನು. ಶುಶ್ರೂಷಾಲಯವನ್ನು ನೋಡಲು ಹೋಗುವವರಿಗೂ ಹೇಸಿಗೆ ಇರಬಾರದು. ಬಾಗಿಲಲ್ಲಿ ನಿಂತು ಮಾತಾಡಿ ಬಂದರೆ ಏನೂ ತಿಳಿಯದು. ಹಾಸಿಗೆಯ ಹತ್ತಿರ ಹೋಗಬೇಕು, ಹೊದಿಕೆ ಸರಿಸಿ ನೋಡಬೇಕು.

ಅಡತಿಯಲ್ಲಿ ಕೂತವರು ಚೀಲದ ಬಾಯಲ್ಲಿರುವ ಕಾಳು ನೋಡಿ ಧಾರಣೆ ಹೇಳುವುದಿಲ್ಲ, ನಡುವಿನಿಂದ ತೆಗೆದು ನೋಡುತ್ತಾರೆ. ಆದರೆ ತಂದೆ-ತಾಯಿಗೆ ಜಾಗ ಹುಡುಕುವಾಗ ಇದೇ ಜನ ಸ್ವಾಗತ ಕೋಣೆಯ ಹೊಳಪು, ಅಂಗಳದ ಹೂಕುಂಡ ನೋಡಿ ಮುಂಗಡ ಕೊಟ್ಟು ಬಂದುಬಿಡುತ್ತಾರೆ! ಅಮೆರಿಕದಲ್ಲಿ 2008ರಿಂದ ಅಲ್ಲಿನ ಕೇಂದ್ರ ಸರ್ಕಾರವೇ ಇಂಥ ಸಂಸ್ಥೆಗಳಿಗೆ ಒಂದರಿಂದ ಐದು ನಕ್ಷತ್ರಗಳ ದರ್ಜೆ ಕೊಟ್ಟು ಪ್ರಕಟಿಸುತ್ತಿದೆ. ತಪಾಸಣೆಯ ವರದಿ, ಸಿಬ್ಬಂದಿಯ ಪ್ರಮಾಣ, ರೋಗಿಗಳ ಸ್ಥಿತಿ ಇವೇ ಅದಕ್ಕೆ ಆಧಾರ. ನಮ್ಮಲ್ಲಿ ಎಲ್ಲ ಶುಶ್ರೂಷಾಲಯಗಳನ್ನೂ ಅಳೆದು ಸರ್ಕಾರ ಪ್ರಕಟಿಸುವ ಅಂಥ ಪಟ್ಟಿಯಿಲ್ಲ. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಆಸ್ಪತ್ರೆ ಎಂದೇ ರೂಢಿ. ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವ ಮನೆಗಳಲ್ಲಿ ಕೆಲವು ಆಸ್ಪತ್ರೆಯೆಂದು, ಕೆಲವು ವೃದ್ಧಾಶ್ರಮವೆಂದು ನಡೆಯುತ್ತವೆ. ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್‌ಗಳ ನೋಂದಣಿಗೆ 1949ರ ಕಾಯದೆಯೇ ಇದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಭೇಟಿಗೆ ಭಾನುವಾರ ಸಂಜೆಯನ್ನು ಆರಿಸಬೇಡಿ. ಆಗ ಎಲ್ಲವೂ ಒಪ್ಪವಾಗಿರುತ್ತದೆ. ರಾತ್ರಿ ಒಂಬತ್ತರ ನಂತರ ಒಮ್ಮೆ, ಬೆಳಗಿನ ಆರಕ್ಕೆ ಒಮ್ಮೆ, ಹೇಳದೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಜನ ಇದ್ದಾರೆಂದು ಎಣಿಸಿ. ಬಿಳಿ ಉಡುಪು ತೊಟ್ಟವರೆಲ್ಲ ದಾದಿಯರಲ್ಲ. ಮೂರು ವರ್ಷದ ಜಿ.ಎನ್.ಎಂ. ಓದಿದವರು ಯಾರು, ಬರೀ ಆರೈಕೆಯ ಸಹಾಯಕರು ಯಾರು ಎಂದು ವಿಚಾರಿಸಿ. ಚುಚ್ಚುಮದ್ದು ಕೊಡುವವರು ಯಾರೆಂಬುದು ಆಗ ತಾನಾಗಿ ಹೊರಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹಾಸಿಗೆ ಹುಣ್ಣು. ಸೊಂಟದ ಹಿಂಬದಿ, ಹಿಮ್ಮಡಿ, ಪೃಷ್ಠದ ಪಕ್ಕಗಳಲ್ಲಿ ಮೊದಲು ಚರ್ಮ ಕೆಂಪಾಗುತ್ತದೆ, ಕಪ್ಪು ಮೈಬಣ್ಣದವರಲ್ಲಿ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಬೆರಳಿಂದ ಒತ್ತಿದರೂ ಬಣ್ಣ ಮಾಸುವುದಿಲ್ಲ. ಆ ಹಂತದಲ್ಲಿ ಕಂಡುಹಿಡಿದು ಮಗ್ಗುಲು ಬದಲಿಸಿದರೆ ವಾಸಿಯಾಗುತ್ತದೆ. ಅಲಕ್ಷ್ಯ ಮಾಡಿದರೆ ಎಲುಬಿನವರೆಗೂ ಇಳಿಯುತ್ತದೆ. ಮಗ್ಗುಲು ಬದಲಿಸಿದ ವೇಳೆಯನ್ನು ಬರೆದಿಡುವ ಹಾಳೆ ಇದೆಯೇ ಎಂದು ಕೇಳಿ. ಇದ್ದರೆ ಅದನ್ನು ಕೀರ್ದಿ ಪುಸ್ತಕ ನೋಡುವ ಕಣ್ಣಿನಿಂದಲೇ ನೋಡಿ: ಇಡೀ ದಿನದ್ದು ಒಂದೇ ಶಾಯಿಯಲ್ಲಿ ಒಂದೇ ಕೂಡಲಿನಲ್ಲಿ ಬರೆದಂತಿದೆಯೋ, ಆಗಾಗ ಬರೆದದ್ದೋ ಎಂಬುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಪ್ರತಿ ತಿಂಗಳ ತೂಕದ ಲೆಕ್ಕವೂ ಬೇಕು. ಕೈಗಳನ್ನು ಮಂಚಕ್ಕೆ ಕಟ್ಟಿದ್ದರೆ, ಹಗಲೆಲ್ಲ ಎಲ್ಲರೂ ಮಂಪರಿನಲ್ಲಿದ್ದರೆ, ಕಾರಣ ಕೇಳದೆ ಬರಬೇಡಿ.

ಇನ್ನು ನಮ್ಮ ಆಚಾರದ ವಿಷಯ. ಸಸ್ಯಾಹಾರ ಎಂಬ ಫಲಕ ಸಾಲದು. ಕಂದಮೂಲವಿಲ್ಲದ ಅಡುಗೆ, ಗಾಳಿಸಿದ ನೀರು, ಸೂರ್ಯಾಸ್ತಕ್ಕೆ ಮುಂಚೆ ಊಟ, ಇಷ್ಟನ್ನೂ ಬರೆದು ಒಪ್ಪಿಸಿಕೊಳ್ಳಿ. ಇದರಲ್ಲಿ ಜೀವದ ಪ್ರಶ್ನೆಯೂ ಇದೆ. ಸಂಜೆ ಐದೂವರೆಗೆ ಊಟ ಮುಗಿಸಿದ ಮಧುಮೇಹಿಗೆ, ಉಳಿದವರ ಜೊತೆ ರಾತ್ರಿ ಎಂಟಕ್ಕೆ ಊಟದ ಮುಂಚಿನ ಇನ್ಸುಲಿನ್ ಚುಚ್ಚಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ವೈದ್ಯರ ಕೂಡ ಕೂತು ಔಷಧಿಯ ವೇಳೆಯನ್ನು ಊಟಕ್ಕೆ ಹೊಂದಿಸಬೇಕು. ರಾತ್ರಿ ಸಕ್ಕರೆ ಇಳಿದರೆ ಬಾಯಿಗೆ ಏನು ಕೊಡಬೇಕೆಂಬುದನ್ನು ಹಿರಿಯರನ್ನೇ ಕೇಳಿ ಮೊದಲೇ ನಿಶ್ಚಯಿಸಿಡಬೇಕು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜಿಲಾಟಿನ್. ಬದಲಿಗೆ ಮಾತ್ರೆ ಅಥವಾ ದ್ರವರೂಪದ್ದು ಸಿಗುವುದೇ ಎಂದು ವೈದ್ಯರನ್ನು ಕೇಳಬಹುದು. ಕೆಮ್ಮಿನ ಔಷಧಿಯಲ್ಲಿ ಜೇನು ಇದೆಯೇ ಎಂದೂ ನೋಡಿ. ತಾವಾಗಿ ಕ್ಯಾಪ್ಸೂಲು ಬಿಚ್ಚಿ ಪುಡಿ ಕೊಡುವುದು ಮಾತ್ರ ಅಪಾಯ.

ಗಡಿಯಾಚೆಗಿನ ನಮಗೆ ಇನ್ನೊಂದು ತೊಡಕು ಭಾಷೆಯದು. ಐವತ್ತು ವರ್ಷ ಮರಾಠಿಯಲ್ಲಿ ವ್ಯಾಪಾರ ಮಾಡಿದವರಿಗೂ ಮರೆವಿನ ಕಾಯಿಲೆ ಹೆಚ್ಚಿದಾಗ ಆಮೇಲೆ ಕಲಿತ ಭಾಷೆ ಜಾರಿ ತಾಯ್ನುಡಿ ಉಳಿಯುವುದುಂಟು. ಕನ್ನಡದಲ್ಲಿ ನೀರು ಬೇಡುವ ಅಜ್ಜಿಯನ್ನು ಬಡಬಡಿಸುತ್ತಾರೆಂದು ಬಿಟ್ಟುಬಿಡುತ್ತಾರೆ. ನೀರು, ನೋವು, ಚಳಿ, ಸಂಡಾಸ ಇಂಥ ಇಪ್ಪತ್ತು ಮಾತುಗಳನ್ನು ಮರಾಠಿ ಅರ್ಥದೊಂದಿಗೆ ದೇವನಾಗರಿಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದರೆ ಖರ್ಚೇನೂ ಇಲ್ಲ.

ಹಿರಿಯರು ಊಟ ಬಿಟ್ಟಾಗ ನಮ್ಮವರಲ್ಲಿ ಕೆಲವರು ಕೂಡಲೇ ಸಲ್ಲೇಖನದ ಮಾತೆತ್ತುತ್ತಾರೆ. ಸಲ್ಲೇಖನವು ಗುರುಗಳ ಅಪ್ಪಣೆಯಿಂದ, ಎಚ್ಚರವಿದ್ದು, ಸ್ವಇಚ್ಛೆಯಿಂದ ಸ್ವೀಕರಿಸುವ ವ್ರತ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಯೆಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆದರೆ ಬಾಯಿಹುಣ್ಣು, ಸಡಿಲಾದ ಹಲ್ಲಿನ ಸೆಟ್ಟು, ಮಲಬದ್ಧತೆ, ಮನೆಯ ನೆನಪಿನ ದುಃಖ ಇವುಗಳಿಂದ ಊಟ ಬಿಟ್ಟವರದು ವ್ರತವಲ್ಲ, ಚಿಕಿತ್ಸೆ ಬೇಡುವ ರೋಗ. ತುತ್ತು ತಿನ್ನಿಸಲು ಪುರುಸೊತ್ತಿಲ್ಲದ ಸಿಬ್ಬಂದಿ ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋಗಿ "ತಿನ್ನಲಿಲ್ಲ" ಎಂದು ಬರೆಯುವುದೂ ಇದೆ. ಊಟದ ಹೊತ್ತಿಗೇ ಒಮ್ಮೆ ಹೋಗಿ ಕುಳಿತುಕೊಳ್ಳಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಠೇವಣಿ ಎಷ್ಟು ಮರಳುತ್ತದೆ, ಡಯಾಪರು, ಕೈಗವಸು, ವ್ಯಾಯಾಮ ಚಿಕಿತ್ಸೆ ಇವು ತಿಂಗಳ ಶುಲ್ಕದಲ್ಲಿವೆಯೋ ಬೇರೆಯೋ, ನಡುರಾತ್ರಿ ಉಸಿರು ಕಟ್ಟಿದರೆ ಯಾವ ಆಸ್ಪತ್ರೆಗೆ ಯಾರು ಒಯ್ಯುತ್ತಾರೆ, ಇವನ್ನು ಖಚಿತಪಡಿಸಿಕೊಳ್ಳಿ. ಆಸ್ತಿಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಹಿರಿಯರೂ ಒಂದು ತಿಳಿದಿರಲಿ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಹಾಗೆ ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿ. ಹಿರಿಯರ ದೂರು-ದುಮ್ಮಾನಕ್ಕೆ 14567 ಎಂಬ ಉಚಿತ ಸಹಾಯವಾಣಿಯಿದೆ. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ದಿಂಬಿನ ಬಳಿಯ ಸ್ವಾಧ್ಯಾಯ ಪುಸ್ತಕದಲ್ಲಿ ಇಟ್ಟುಬನ್ನಿ.