ಅಂಗೈ ಮೇಲಿನ ಪೈನ್ ಮರ

ಮಾದರಿ ರೈಲು ಹಳಿಗಳ ಪಕ್ಕದ ಪೈನ್ ಮರಕ್ಕೆ ಮೊದಲು ಬೇಕಾದದ್ದು ಅಳತೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಮಾದರಿ ನಿಜದ ಅಳತೆಯ 87ರಲ್ಲಿ ಒಂದು ಭಾಗ. 20 ಮೀಟರ್ ಎತ್ತರದ ಮರ ಇದರಲ್ಲಿ ಸುಮಾರು 23 ಸೆಂಟಿಮೀಟರ್ ಆಗುತ್ತದೆ. 1903ರಲ್ಲಿ ಆರಂಭವಾದ ಕಾಲ್ಕಾ–ಶಿಮ್ಲಾ ಮಾರ್ಗದ ಮಾದರಿಗೆ ಇಂಥ ಮರಗಳು ಅನಿವಾರ್ಯ.

ಮರ ಮಾಡಲು ಎರಡು ತೆಳು ತಂತಿಗಳ ನಡುವೆ ಸಣ್ಣಗೆ ಕತ್ತರಿಸಿದ ಸೆಣಬಿನ ಅಥವಾ ತೆಂಗಿನ ನಾರನ್ನು ಅಡ್ಡಲಾಗಿ ಹರಡಬೇಕು. ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಡ್ರಿಲ್‌ನಿಂದ ತಿರುಗಿಸಿದರೆ, ಬಾಟಲಿ ತೊಳೆಯುವ ಬ್ರಷ್‌ನಂತೆ ನಾರು ಸುತ್ತಲೂ ನಿಲ್ಲುತ್ತದೆ. ಕತ್ತರಿಯಿಂದ ಮೇಲೆ ಚೂಪಾಗಿ, ಕೆಳಗೆ ಅಗಲವಾಗಿ ಕತ್ತರಿಸಬೇಕು. ಆದರೆ ಶಂಕುವಿನಂತೆ ನುಣ್ಣಗೆ ಮಾಡಿದರೆ ಅದು ಮರವೆನಿಸದು. ಅಲ್ಲಲ್ಲಿ ನಾರು ಕಿತ್ತು, ಕೊಂಬೆಗಳ ನಡುವೆ ಬೆಳಕು ಹಾಯುವಂತೆ ಬಿಡಬೇಕು. ಸಹಜತೆಯ ಗುಟ್ಟೆಲ್ಲ ಇಲ್ಲೇ ಇದೆ. ಬುಡದ ತಂತಿಗೆ ಅಂಟು ಬೆರೆಸಿದ ಮರದ ಹಿಟ್ಟು ಮೆತ್ತಿದರೆ ತೊಗಟೆ. ಬೂದುಗಂದು ಬಣ್ಣ ಬಳಿದು, ಅದು ಒಣಗಿದ ಮೇಲೆ ಅಂಟು ಸಿಂಪಡಿಸಿ, ಹಸಿರು ಸ್ಪಂಜಿನ ಪುಡಿ ಉದುರಿಸಬೇಕು. ಎರಡು ಮೂರು ಛಾಯೆಯ ಹಸಿರು ಇದ್ದರೆ ಒಳ್ಳೆಯದು.

ಆದರೆ ಎಲ್ಲ ಮಾದರಿಗೂ ಪೈನ್ ಹೊಂದದು. ಅಫಜಲಪುರ ತಾಲ್ಲೂಕಿನ ಹವಳಗಾ ಸುತ್ತಿನ ಕರಿಮಣ್ಣಿನ ಬಯಲಿನಲ್ಲಿ ಪೈನ್ ಬೆಳೆಯುವುದಿಲ್ಲ. ಹೀಗಾಗಿ ಈ ಭಾಗದಲ್ಲಿ ಮುಂಬೈ–ಚೆನ್ನೈ ಮಾರ್ಗದ ಮೇಲಿರುವ ಗಾಣಗಾಪುರ ರೋಡ್ ನಿಲ್ದಾಣದ ಮಾದರಿಗೆ ಜಾಲಿ, ಬೇವು ಬೇಕು. ಅವಕ್ಕೆ ಹಲವು ಎಳೆಯ ತಾಮ್ರದ ತಂತಿಯನ್ನು ಹೊಸೆದು, ಮೇಲ್ತುದಿಯಲ್ಲಿ ಎಳೆಗಳನ್ನು ಬಿಡಿಸಿ ಕೊಂಬೆ ಮಾಡಬೇಕು. ತಮ್ಮೂರಿನ ನಿಲ್ದಾಣ ಕಟ್ಟುವವರು ಪೇಟೆಯ ಪೈನ್ ಕೊಳ್ಳುವ ಮೊದಲು ಹಳಿ ಪಕ್ಕದ ಜಾಲಿಯನ್ನೊಮ್ಮೆ ಗಮನವಿಟ್ಟು ನೋಡಲಿ.