ಹಿತ್ತಿಲ ಕೊಳವೆಯ ಒಡೆತನ: ಇಂಗ್ಲೆಂಡಿನ ಒಳಚರಂಡಿ ಶಾಸನಗಳೂ ಮನೆಯ ವಿಸ್ತರಣವೂ

ಇಂಗ್ಲೆಂಡಿನ ಹಳೆಯ ಸಾಲುಮನೆಯೊಂದರ ಗೃಹಸ್ಥನು ತನ್ನ ಅಡಿಗೆಯ ಮನೆಯನ್ನು ಹಿತ್ತಿಲ ಕಡೆಗೆ ಹತ್ತಡಿ ಬೆಳೆಸಬೇಕೆಂದು ತಳಪಾಯ ತೋಡಿಸಿದಾಗ, ಹಲವು ವೇಳೆ ಗುದ್ದಲಿಗೆ ಸಿಕ್ಕುವುದು ಒಂದು ಸುಟ್ಟ ಮಣ್ಣಿನ ಕೊಳವೆ. ಅದರಲ್ಲಿ ಅವನ ಮನೆಯ ಕೊಳೆನೀರಿನೊಡನೆ ನೆರೆಯ ನಾಲ್ಕಾರು ಮನೆಗಳದೂ ಹರಿಯುತ್ತಿರುತ್ತದೆ. ಈ ಕೊಳವೆ ಯಾರದು? ಇದರ ಮೇಲೆ ಗೋಡೆ ಎಬ್ಬಿಸಲು ಯಾರ ಅಪ್ಪಣೆ ಬೇಕು? ಕ್ರಯಪತ್ರಗಳಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರ ದೊರೆಯುವುದು ಅಪೂರ್ವ. ಬಹಳ ಕಾಲದವರೆಗೆ ಆ ಉತ್ತರವು ಕೊಳವೆಯನ್ನು ಹೂಳಿದ ವರ್ಷವನ್ನು ಅವಲಂಬಿಸಿತ್ತು. ಆದುದರಿಂದ ಇಂಜಿನಿಯರಿಗೆ ಮಾತ್ರ ಸೇರಿದುದೆಂದು ತೋರುವ ಈ ವಿಷಯವು ಇತಿಹಾಸದ ವಿದ್ಯಾರ್ಥಿಯ ಗಮನಕ್ಕೂ ಅರ್ಹವಾದುದು.

ಕೊಳವೆಯು ಬೀದಿಯಲ್ಲಿರದೆ ಹಿತ್ತಿಲಿನಲ್ಲಿ ಏಕಿದೆ ಎಂಬುದನ್ನು ಮೊದಲು ನೋಡಬೇಕು. ದುಡಿಯುವ ವರ್ಗದ ನೈರ್ಮಲ್ಯಸ್ಥಿತಿಯನ್ನು ಕುರಿತು 1842ರಲ್ಲಿ ವರದಿ ಬರೆದ ಎಡ್ವಿನ್ ಚಾಡ್ವಿಕ್, 1848ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಮೇರೆಗೆ ಸ್ಥಾಪಿತವಾದ ಆರೋಗ್ಯ ಮಂಡಳಿಯ ಸದಸ್ಯನಾದನು. ಆಗ ನಗರಗಳ ದೊಡ್ಡ ಇಟ್ಟಿಗೆ ಚರಂಡಿಗಳು ಬೀದಿಯ ಕೆಳಗೆ ಇರುತ್ತಿದ್ದವು. ಅಡಿಗೆಮನೆಯೂ ಪಾಯಿಖಾನೆಯೂ ಮನೆಯ ಹಿಂಭಾಗದಲ್ಲಿರುತ್ತಿದ್ದುದರಿಂದ ಪ್ರತಿಯೊಂದು ಮನೆಯ ಕೊಳೆಯೂ ವಾಸದ ಕೋಣೆಗಳ ಅಡಿಯಲ್ಲಿ ಹಾದು ಬೀದಿಯನ್ನು ಸೇರಬೇಕಾಗಿತ್ತು. ಇದಕ್ಕೆ ಬದಲಾಗಿ ಸಾಲಿನ ಬೆನ್ನಿಗೆ ಒಂದೇ ಸಣ್ಣ ಕೊಳವೆಯನ್ನು ಹಾಯಿಸಿ ಎಲ್ಲ ಮನೆಗಳನ್ನೂ ಅದಕ್ಕೆ ಕೂಡಿಸಬೇಕೆಂದು ಮಂಡಳಿಯು ವಾದಿಸಿತು. ಕೊಳವೆಯ ಉದ್ದ ಕಡಿಮೆ, ವೆಚ್ಚ ಕಡಿಮೆ, ಕೋಣೆಗಳ ಕೆಳಗೆ ದುರ್ಗಂಧವೂ ಇಲ್ಲ. 1846ರ ಸುಮಾರಿಗೆ ಲ್ಯಾಂಬೆತ್‌ನಲ್ಲಿ ಹೆನ್ರಿ ಡೌಲ್ಟನ್ ಉಪ್ಪಿನ ಮೆರುಗಿನ ಮಣ್ಣಿನ ಕೊಳವೆಗಳನ್ನು ಹೇರಳವಾಗಿ ತಯಾರಿಸಲಾರಂಭಿಸಿದುದು ಈ ವಾದಕ್ಕೆ ಬೆಂಬಲವಾಯಿತು. ಕೊಳವೆ ಕಟ್ಟಿಕೊಂಡರೆ ಅದನ್ನು ಬಿಡಿಸಲು ನೆರೆಯವನ ಅಂಗಳವನ್ನು ಅಗೆಯಬೇಕಾಗುವುದೆಂಬ ತೊಡಕು ಈ ಲೆಕ್ಕದಲ್ಲಿ ತಕ್ಕಷ್ಟು ತೂಗಲಿಲ್ಲವೆಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಬಿಟ್ಟಿರುವ ಕನ್ಸರ್ವೆನ್ಸಿ ಓಣಿಗಳನ್ನು ಬಲ್ಲವರಿಗೆ ವ್ಯತ್ಯಾಸವು ಕೂಡಲೇ ಹೊಳೆಯುತ್ತದೆ. ಆ ಓಣಿ ಸಾರ್ವಜನಿಕರ ನೆಲ. ಇಲ್ಲಿ ಹೇಳುತ್ತಿರುವ ಕೊಳವೆಯು ಹಾಯುವುದು ಒಬ್ಬೊಬ್ಬರ ಸ್ವಂತ ನೆಲದಲ್ಲಿ.

ಒಡೆತನದ ಪ್ರಶ್ನೆಗೆ 1875ರ ಕಾಯಿದೆಯು ಒಂದು ವ್ಯಾಖ್ಯೆಯಿಂದ ಉತ್ತರವಿತ್ತಿತು. ಒಂದೇ ಕಟ್ಟಡದ, ಅಥವಾ ಒಂದೇ ಆವರಣದೊಳಗಣ ಕಟ್ಟಡಗಳ ಕೊಳೆನೀರನ್ನು ಸಾಗಿಸುವುದು 'ಡ್ರೇನ್', ಉಳಿದುದೆಲ್ಲ 'ಸೂಯರ್'. ಸೂಯರ್‌ಗಳು ಸ್ಥಳೀಯ ಆಡಳಿತಕ್ಕೆ ಸೇರಿದವು. ಹೀಗಾಗಿ, ಈ ಕಾಯಿದೆ ಅನ್ವಯಿಸದಿದ್ದ ಲಂಡನ್ನನ್ನು ಬಿಟ್ಟರೆ, ಎರಡನೆಯ ಮನೆಯ ನೀರು ಬಂದು ಕೂಡಿದೊಡನೆ ಹಿತ್ತಿಲ ಕೊಳವೆಯು ಸಾಮಾನ್ಯವಾಗಿ ಸಾರ್ವಜನಿಕ ಸ್ವತ್ತಾಗುತ್ತಿತ್ತು. ಅದೇ ಕಾಯಿದೆಯ 26ನೆಯ ಪ್ರಕರಣವು ಲಿಖಿತ ಸಮ್ಮತಿಯಿಲ್ಲದೆ ನಗರ ಪ್ರದೇಶದಲ್ಲಿ ಸೂಯರ್‌ನ ಮೇಲೆ ಹೊಸದಾಗಿ ಕಟ್ಟುವುದನ್ನು ನಿಷೇಧಿಸಿ, ಕಟ್ಟಿದುದನ್ನು ಕೆಡಹಿಸುವ ಅಧಿಕಾರವನ್ನೂ ಕೊಟ್ಟಿತು.

1936ರ ಕಾಯಿದೆಯು 1937ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಈ ಏರ್ಪಾಡು ಮಾರ್ಪಟ್ಟಿತು. ಅಲ್ಲಿಂದ ಮುಂದೆ ಹಾಕಿದ ಸಾಮಾಯಿಕ ಕೊಳವೆಯು, ಆಡಳಿತವು ಅದನ್ನು ವಿಧ್ಯುಕ್ತವಾಗಿ ವಹಿಸಿಕೊಳ್ಳದಿದ್ದರೆ, ಮನೆಯವರ ಖಾಸಗಿ ಸ್ವತ್ತಾಗಿಯೇ ಉಳಿಯಿತು. ಹಿಂದಿನವು ಸಾರ್ವಜನಿಕವಾಗಿಯೇ ಉಳಿದವು; ಆದರೂ ಹಲವು ಸಂದರ್ಭಗಳಲ್ಲಿ ದುರಸ್ತಿಯ ವೆಚ್ಚವನ್ನು ಮನೆಯವರಿಂದ ವಸೂಲು ಮಾಡಲು ಅವಕಾಶವಿತ್ತು. ಇದರ ಪರಿಣಾಮವನ್ನು ಊಹಿಸಿ ನೋಡಬಹುದು. ಒಂದೇ ಬೀದಿಯ ಒಂದು ಪಕ್ಕವನ್ನು 1936ರಲ್ಲಿಯೂ ಎದುರು ಪಕ್ಕವನ್ನು 1938ರಲ್ಲಿಯೂ ಒಬ್ಬನೇ ಗುತ್ತಿಗೆದಾರನು ಕಟ್ಟಿದ್ದರೆ, ಕಣ್ಣಿಗೆ ಒಂದೇ ಬಗೆಯಾದ ಮನೆಗಳ ಹಿಂದೆ ಎರಡು ಬಗೆಯ ಒಡೆತನಗಳು ಮಣ್ಣಿನಡಿ ಹುದುಗಿರುತ್ತಿದ್ದವು. ಸಾರ್ವಜನಿಕ ಒಳಚರಂಡಿಗಳ ಹೊಣೆಯು 1974ರಲ್ಲಿ ಪ್ರಾದೇಶಿಕ ಜಲಾಧಿಕಾರಗಳಿಗೂ, 1989ರಲ್ಲಿ ಖಾಸಗಿ ಕಂಪೆನಿಗಳಿಗೂ ವರ್ಗವಾಯಿತು.

ಕೊಳವೆಯ ಮೇಲೆ ಕಟ್ಟುವುದರಲ್ಲಿ ಅಪಾಯವೇನೆಂಬುದನ್ನೂ ಹೇಳಬೇಕು. ಗೋಡೆಯ ಭಾರವು ತಳಪಾಯದಿಂದ ಕೆಳಗಿಳಿಯುವಾಗ ಇಕ್ಕೆಲಗಳಿಗೂ ಸುಮಾರು 45 ಡಿಗ್ರಿ ಓರೆಯಲ್ಲಿ ಹರಡುತ್ತದೆ. ಆ ಹರವಿನೊಳಗೆ ಸಿಕ್ಕಿದ ಕೊಳವೆಯು ಭಾರವನ್ನು ಹೊರಬೇಕಾಗುತ್ತದೆ. ಹಳೆಯ ಮಣ್ಣಿನ ಕೊಳವೆಗಳು ಗಿಡ್ಡ ತುಂಡುಗಳು. ಅವುಗಳ ಸಂದುಗಳನ್ನು ಜೇಡಿಯಿಂದಲೋ ಸಿಮೆಂಟು ಗಾರೆಯಿಂದಲೋ ಬಿಗಿದಿರುತ್ತಿದ್ದರು. ನೆಲ ತುಸು ಕುಸಿದರೂ ಸಂದು ಬಿರಿಯುತ್ತದೆ, ಸೋರಿದ ನೀರು ಸುತ್ತಣ ಮಣ್ಣನ್ನು ಕೊಚ್ಚುತ್ತದೆ, ಕಡೆಗೆ ತಳಪಾಯವೇ ಆಸರೆ ತಪ್ಪುತ್ತದೆ. ಆದ್ದರಿಂದಲೇ ಹೊಸ ತಳಪಾಯವನ್ನು ಕೊಳವೆಯ ಮಟ್ಟದವರೆಗೆ ಆಳಕ್ಕಿಳಿಸಿ, ಗೋಡೆಯು ಕೊಳವೆಯನ್ನು ದಾಟುವಲ್ಲಿ ಮೇಲೆ ತೊಲೆಯನ್ನಿಟ್ಟು ಸುತ್ತಲೂ ತೆರಪು ಬಿಡುವುದು ರೂಢಿ. ಮ್ಯಾನ್‌ಹೋಲು ಕೋಣೆಯೊಳಕ್ಕೆ ಬರುವಂತಿದ್ದರೆ ಅದನ್ನು ಹೊರಗೆ ಸರಿಸಬೇಕಾಗುತ್ತದೆ. 2002ರಲ್ಲಿ ಜಾರಿಗೆ ಬಂದ ಕಟ್ಟಡ ನಿಯಮ ಎಚ್-4, ಮತ್ತು ಅದರ ಮಾರ್ಗದರ್ಶಿಯು, ನಕ್ಷೆಯಲ್ಲಿ ತೋರಿಸಿರುವ ಒಳಚರಂಡಿಯ ನಡುಗೆರೆಯಿಂದ 3 ಮೀಟರಿನೊಳಗೆ ಕಟ್ಟುವುದನ್ನೂ ಇದೇ ವಿಚಾರಣೆಗೆ ಒಳಪಡಿಸುತ್ತವೆ.

2011ರಲ್ಲಿ ಒಡೆತನವು ಮತ್ತೊಮ್ಮೆ ಪಲ್ಲಟವಾಯಿತು. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಆ ವರ್ಷದ ಜುಲೈ 1ರಂದು ಸಾರ್ವಜನಿಕ ಒಳಚರಂಡಿಗೆ ಕೂಡಿದ್ದ ಖಾಸಗಿ ಸಾಮಾಯಿಕ ಕೊಳವೆಗಳು, ಕೆಲವು ವಿನಾಯಿತಿಗಳನ್ನುಳಿದು, ಅಕ್ಟೋಬರ್ 1ರಂದು ಕಂಪೆನಿಗಳ ಸ್ವತ್ತಾದವು. 1937ರ ಗಡಿ ಇದರಿಂದ ಬಹುಮಟ್ಟಿಗೆ ಅಳಿಸಿಹೋಯಿತು. 1990ರ ದಶಕದಲ್ಲಿ ಖಾಸಗಿ ಕೊಳವೆಯ ಮೇಲೆ ಕ್ರಮಬದ್ಧವಾಗಿ ಅಡಿಗೆಮನೆ ಬೆಳೆಸಿದ್ದವನು ಒಂದು ಬೆಳಗ್ಗೆ ಕಂಪೆನಿಯ ಒಳಚರಂಡಿಯ ಮೇಲೆ ವಾಸಿಸುವವನಾದನು! ಹೀಗೆ ವರ್ಗವಾದ ಕೊಳವೆಗಳಲ್ಲಿ ಅನೇಕವು ಕಂಪೆನಿಗಳ ನಕ್ಷೆಗಳಲ್ಲಿ ಇಲ್ಲ. ನಗರ ಆಡಳಿತಗಳು ತಮ್ಮ ಉಪನಿಯಮಗಳ ಮೇರೆಗೆ ಹತ್ತೊಂಬತ್ತನೆಯ ಶತಮಾನದಿಂದ ಪಡೆದುಕೊಂಡ ಕಟ್ಟಡದ ನಕ್ಷೆಗಳು ಹಲವು ಊರುಗಳ ದಾಖಲೆ ಭಂಡಾರಗಳಲ್ಲಿ ಉಳಿದಿವೆ. ಗುದ್ದಲಿ ತಾಗುವ ಮೊದಲೇ ಹಿತ್ತಿಲ ಕೊಳವೆಯ ಹಾದಿಯನ್ನು ತಿಳಿಯಬಯಸುವ ಗೃಹಸ್ಥನೂ, ಬೀದಿಯ ಚರಿತ್ರೆಯನ್ನು ಬರೆಯಹೊರಟ ಸಂಶೋಧಕನೂ ಅಲ್ಲಿ ಅದೇ ಕಾಗದವನ್ನು ಕೇಳಿ ಪಡೆಯುತ್ತಾರೆ.