ಸಾಕಿ ಕೊಡುವ ಸುಖ

ನಮ್ಮ ಮಾತಿನಲ್ಲಿ ನಾಯಿಗೆ ದೊರೆತಿರುವ ಮರ್ಯಾದೆ ಅಷ್ಟಕ್ಕಷ್ಟೆ. ಕಷ್ಟದ ಬಾಳನ್ನು ನಾಯಿಪಾಡೆನ್ನುತ್ತೇವೆ. ತಿದ್ದಲಾಗದ ಚಾಳಿಯ ಮಾತು ಬಂದರೆ ನಾಯಿಯ ಬಾಲವನ್ನು ನೆನೆಯುತ್ತೇವೆ. ಆದರೆ ಇದೇ ಕನ್ನಡನಾಡಿನಲ್ಲಿ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿ, ಶಾಸನ ಬರೆಸಿ, ಪೂಜೆಗೆಂದು ಭೂಮಿ ಬಿಟ್ಟದ್ದೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಆ ಕಲ್ಲು ಕ್ರಿ.ಶ. 949-50ರದು, ಅನಂತರ ಅದು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು.

ಕಥೆಯನ್ನು ನನ್ನ ವಿದ್ಯಾರ್ಥಿಗಳು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಮಣಲೇರನು ತೋರಿದ ಪರಾಕ್ರಮಕ್ಕೆ ಮೆಚ್ಚಿ ಗಂಗರ ಬೂತುಗನು 'ಬೇಕಾದುದನ್ನು ಬೇಡು' ಎಂದನಂತೆ. ಮಣಲೇರ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಈ ಪಾಠವನ್ನು ಹೇಳುವಾಗ ನಾವೆಲ್ಲ ಹೋರಾಟವನ್ನೇ ಬಣ್ಣಿಸುತ್ತೇವೆ. ಕಾಳಿಯು ಒಂದು ಮನೆಯಿಂದ ಇನ್ನೊಂದು ಮನೆಗೆ ಕೊಡಲ್ಪಟ್ಟ ನಾಯಿ ಎಂಬುದನ್ನು ಗಮನಿಸುವವರು ಕಡಮೆ. ಅದು ಪ್ರಾಣವನ್ನೊಪ್ಪಿಸಿದ್ದು ತನ್ನ ಎರಡನೆಯ ಮನೆಗೆ.

ಗಾಯಗೊಂಡ ಬೀದಿನಾಯಿಯನ್ನು ಕೆಲವು ಕಾಲ ಮನೆಯಲ್ಲಿಟ್ಟುಕೊಂಡು, ಗುಣಪಡಿಸಿ, ಯೋಗ್ಯರಾದ ಬೇರೊಬ್ಬರಿಗೆ ಕೊಡುವ ಪದ್ಧತಿ ಈಗ ನಮ್ಮ ಪಟ್ಟಣಗಳಲ್ಲಿಯೂ ಕಾಣಿಸಿಕೊಂಡಿದೆ. 'ಸಾಕಿದ ಮೇಲೆ ಕೊಡುವುದು ನಿರ್ದಯವಲ್ಲವೆ?' ಎಂದು ಕೇಳುವವರಿಗೆ ನಾನು ಕಾಳಿಯ ಕಥೆ ಹೇಳುತ್ತೇನೆ. ಅದರ ಜೊತೆಗೆ ಬಳ್ಳಾರಿಯ ನಮ್ಮ ಮನೆಗೆ ಬಂದ ನಾಯಿಯ ಕಥೆಯನ್ನೂ ಹೇಳುತ್ತೇನೆ.

ಸಿರುಗುಪ್ಪ ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸೀಮೆ. ಬೇಸಿಗೆಯ ಬೆಳೆ ಕೈಗೆ ಬಂದಾಗ ಅಲ್ಲಿಯ ರಸ್ತೆಗಳಲ್ಲಿ ಲಾರಿಗಳಿಗೆ ಬಿಡುವಿಲ್ಲ. ಅಂಥದೊಂದು ಲಾರಿಯ ಪೆಟ್ಟು ತಿಂದು ರಸ್ತೆಯ ಬದಿಯಲ್ಲಿ ಬಿದ್ದಿದ್ದ ಕಂದು ಬಣ್ಣದ ಹೆಣ್ಣುನಾಯಿಯನ್ನು ನನ್ನ ವಿದ್ಯಾರ್ಥಿಯೊಬ್ಬ ಆಟೋದಲ್ಲಿ ತಂದ. ನೋವಿನಲ್ಲಿರುವ ನಾಯಿ ಎಷ್ಟು ಸಾಧುವಾದರೂ ಕಚ್ಚಬಹುದೆಂದು ತಿಳಿದಿದ್ದ ಹುಡುಗ, ಎತ್ತುವ ಮೊದಲು ಅದರ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ, ಗೋಣಿಚೀಲದ ಮೇಲೆ ಅಲುಗದಂತೆ ಮಲಗಿಸಿದ್ದ. ಏದುಸಿರು ಬಿಡತೊಡಗಿದಾಗ ಪಟ್ಟಿಯನ್ನು ಬಿಚ್ಚಿದ್ದ. ನಾಯಿಗೆ ಮೈಯ ಕಾವು ಇಳಿಯುವುದು ಮುಖ್ಯವಾಗಿ ಬಾಯಿಯ ಮೂಲಕ. 'ಸರ್, ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಾಕ ಬಿಡಂಗಿಲ್ಲ' ಎಂದು ನಿಂತ. ಮುಂದಿನ ಮಾತನ್ನು ಅವನೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಹಿಂಗಾಲಿನ ಎಲುಬು ಮುರಿದಿತ್ತು. ಪಶುವೈದ್ಯರು ಕಟ್ಟು ಹಾಕಿ, ಆರು ವಾರ ಓಡಾಟ ಕೂಡದೆಂದರು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದೆಂದೂ, ಐಬುಪ್ರೊಫೆನ್‌ನಂಥವು ನಾಯಿಗೆ ವಿಷವೆಂದೂ ಎಚ್ಚರಿಸಿದರು. ನಾಯಿಗೆ ರೇಬೀಸ್ ಲಸಿಕೆ ಆಗಿತ್ತೋ ಇಲ್ಲವೋ ಬಲ್ಲವರಾರು? ನಾವು ವೈದ್ಯರನ್ನು ಕಂಡು ಲಸಿಕೆ ಹಾಕಿಸಿಕೊಂಡೆವು; ಅದನ್ನು ಹಿತ್ತಿಲ ಕೋಣೆಯಲ್ಲಿ ಬೇರೆಯಾಗಿಯೇ ಇರಿಸಿದೆವು. ಕರುಣೆಗೆ ಎಚ್ಚರವೂ ಜೊತೆಯಾಗಿರಬೇಕು.

ಮೂಳೆಗಿಂತ ಕಷ್ಟವಾದದ್ದು ಮನಸ್ಸು ಕೂಡುವುದು. ಯಾರಾದರೂ ನೋಡುತ್ತಿದ್ದರೆ ಅದು ತುತ್ತು ಮುಟ್ಟುತ್ತಿರಲಿಲ್ಲ. ಮೊಸರನ್ನದ ತಟ್ಟೆಯನ್ನಿಟ್ಟು, ನಾನು ಬೆನ್ನು ತಿರುಗಿಸಿ ಉತ್ತರಪತ್ರಿಕೆ ತಿದ್ದುತ್ತ ಕೂರುತ್ತಿದ್ದೆ. ಐದನೆಯ ದಿನ ಹಿಂದಿನಿಂದ ತಟ್ಟೆ ನೆಕ್ಕುವ ಸಪ್ಪಳ ಕೇಳಿಸಿತು. ಆ ದಿನ ನಾನು ತಿದ್ದಿದ ಪತ್ರಿಕೆಗಳಿಗೆ ಒಂದೆರಡು ಅಂಕ ಹೆಚ್ಚಾಗಿಯೇ ಬಿದ್ದಿರಬಹುದು.

ಹೆಸರಿಡುವ ಹಕ್ಕು ಮುಂದಿನ ಮನೆಯವರದೆಂದು ನಾವು ಅದಕ್ಕೆ ಹೆಸರಿಡಲಿಲ್ಲ. ನನ್ನ ಹೆಂಡತಿ 'ಏ ಹುಡುಗಿ' ಎಂದು ಕರೆಯುತ್ತಿದ್ದಳು. ನನ್ನ ಕೈಯಿಂದ ಮಾತ್ರ ಉಣ್ಣುವ ನಾಯಿ ಇನ್ನೊಂದು ಮನೆಯಲ್ಲಿ ಉಪವಾಸ ಬಿದ್ದೀತು. ಆದುದರಿಂದ ಒಂದು ಹೊತ್ತು ನಾನು, ಇನ್ನೊಂದು ಹೊತ್ತು ಮಗಳು, ಕೆಲವೊಮ್ಮೆ ನೆರೆಮನೆಯ ಅಜ್ಜಿ, ಹೀಗೆ ಕೈಗಳನ್ನು ಬದಲಿಸಿದೆವು. ದಿನದಿನಕ್ಕೆ ಹತ್ತಿರವಾಗುತ್ತಲೇ ದಿನದಿನಕ್ಕೆ ಬೇಡವಾಗುತ್ತ ಹೋಗುವುದೇ ಈ ಸಾಕಣೆಯ ಮರ್ಮ. ಉಪಾಧ್ಯಾಯನಿಗೆ ಇದು ಹೊಸದೇನಲ್ಲ.

ಆದರೂ ಕಟ್ಟು ಬಿಚ್ಚಿ, ಅದು ಕುಂಟುತ್ತ ಅಂಗಳ ದಾಟಿ ಬಂದು ನನ್ನ ಕಾಲಿಗೆ ತಲೆಯೊರಗಿಸಿದಾಗ, ಇಟ್ಟುಕೊಂಡುಬಿಡೋಣವೆ ಎನ್ನಿಸಿತು. ಕಾಳಿದಾಸನ ಕಣ್ವನಿಗೇ ಸಾಕುಮಗಳನ್ನು ಕಳುಹಿಸುವಾಗ ಕಣ್ಣು ಮಂಜಾಯಿತೆಂದ ಮೇಲೆ ನಮ್ಮ ಪಾಡೇನು? ಆದರೆ ನಮ್ಮದು ಎರಡು ಕೋಣೆಯ ಬಾಡಿಗೆಮನೆ. ಇದನ್ನು ಇಟ್ಟುಕೊಂಡರೆ, ನಾಳೆ ರಸ್ತೆಯಲ್ಲಿ ಬೀಳುವ ಇನ್ನೊಂದಕ್ಕೆ ಬಾಗಿಲು ಮುಚ್ಚಿದಂತೆ.

ಕೊಡುವುದೂ ಸುಲಭವಲ್ಲ. ನೋಡಲು ಬಂದವರೊಬ್ಬರು ಜಾತಿನಾಯಿ ಬೇಕೆಂದರು. ಇನ್ನೊಬ್ಬರು ಹೆಣ್ಣು ಬೇಡವೆಂದರು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂದು ಹೇಳಿದರೂ ಒಪ್ಪಲಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ಸಮುದಾಯದ ಪ್ರಾಣಿಯೆಂದು ಕರೆದಿವೆ. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೆಂದೂ ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 22ರಂದು ಹೇಳಿತು. ಕಾನೂನು ಹೊಣೆಯನ್ನು ಗೊತ್ತುಮಾಡಬಲ್ಲುದು. ಹೊರುವ ಮನೆಯನ್ನು ನಾವೇ ಹುಡುಕಬೇಕು.

ಆ ಮನೆ ದೊರೆತದ್ದು ಕುರುಗೋಡಿನಲ್ಲಿ. ದೊಡ್ಡಬಸವೇಶ್ವರನೆಂದು ಏಕಶಿಲೆಯ ಮಹಾನಂದಿಯನ್ನು ಪೂಜಿಸುವ ಊರು ಅದು. ಮೂಕಪ್ರಾಣಿಯ ಮುಂದೆ ಕೈಮುಗಿಯುವುದು ಅಲ್ಲಿಯವರಿಗೆ ಅಭ್ಯಾಸವಾಗಿದೆ. ಹೊಲದಂಚಿನ ಮನೆಯ ರೈತರು ನಾಯಿಯ ನಡಿಗೆ ನೋಡಿ ಅನುಮಾನಿಸಿದರು. 'ಕುಂಟು ನಾಯಿ ಕಾಯ್ತೈತೇನ್ರಿ ಸರ?' ಎಂದರು. ಒಳಗಿನಿಂದ ಅವರ ತಾಯಿ ಜೋಳದ ರೊಟ್ಟಿಯ ಚೂರು ಹಿಡಿದು ಬಂದು, 'ಕಾಲು ಕುಂಟಿದ್ರೇನಪ್ಪಾ, ಬೊಗಳಾಕ ಕಾಲು ಬೇಕೇನು?' ಎಂದರು. ನಾಯಿ ಹೊಸ ಕೈಯಿಂದ ರೊಟ್ಟಿ ತಿಂದಿತು. ವರ್ಷವರ್ಷವೂ ರೇಬೀಸ್ ಲಸಿಕೆ ತಪ್ಪಿಸಬಾರದೆಂದು ಹೇಳಿ, ಚೀಟಿಯನ್ನು ಕೊಟ್ಟು, ನಾನು ಹಿಂದಿರುಗಿ ನೋಡದೆ ಬಸ್ಸು ಹತ್ತಿದೆ.

ಅದು ನೆಲೆಯೂರುವವರೆಗೆ ಹೋಗಬಾರದೆಂದು ಮೂರು ತಿಂಗಳು ತಡೆದುಕೊಂಡೆ. ಆಮೇಲೆ ಹೋದಾಗ ಕಣದ ಬಳಿ ಮಲಗಿದ್ದ ನಾಯಿ ಎದ್ದು, ಗೌರಿ ಎಂಬ ತನ್ನ ಹೊಸ ಹೆಸರಿಗೆ ತಕ್ಕ ಗಾಂಭೀರ್ಯದಿಂದ ಬಂದು, ಬೇಲಿಯಾಚೆ ನಿಂತಿದ್ದ ನನ್ನನ್ನು ನೋಡಿ ಬೊಗಳಿತು. ವಾಸನೆ ಹಿಡಿದ ಮೇಲೆ ಬಾಲವಾಡಿಸಿತು, ನಿಜ. ಆದರೆ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಆ ಮೊದಲ ಬೊಗಳು.